ಪುಸ್ತಿಕೆ, ಸ್ಪ್ರೆಡ್‌ಶೀಟ್, ಹಗ್ಗ: ಯುವ ಮುಂದಾಳುಗಳಿಗೆ ಯೋಜನೆ ಕಲಿಸಲು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ನೈಲಾನ್ ಹಗ್ಗಕ್ಕೆ. ಕಾರವಾರದ ಸುತ್ತಮುತ್ತಲಿನ ಯುವಕ, ಯುವತಿ ಮಂಡಳಗಳ ಮುಂದಾಳುಗಳಿಗೆ ಮೂರು ಬಗೆಯಲ್ಲೂ ಕಲಿಸಿ ನೋಡಿದ ಮೇಲಿನ ಮಾತು ಇದು. ಅಭ್ಯಾಸಕ್ಕೆ ಎಲ್ಲ ಸಲವೂ ಒಂದೇ ಕೆಲಸ: ಸೆಪ್ಟೆಂಬರ್ ಮೂರನೆಯ ಶನಿವಾರ ಬರುವ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನಕ್ಕೆ ಕಡಲತೀರದ ಕಸ ಎತ್ತುವುದು.

ಪುಸ್ತಿಕೆಯನ್ನು ದುಡ್ಡು ಕೊಟ್ಟು ತರಿಸಿದ್ದೆ. ಗುರಿ, ಉದ್ದೇಶ, ಫಲಿತಾಂಶ ಎಂದೆಲ್ಲ ಖಾನೆಗಳು. ಹುಡುಗರು ಚೆಂದದ ಅಕ್ಷರದಲ್ಲಿ ತುಂಬಿದರು. ಚೀಲ ತರುವವರು ಯಾರು ಎಂದು ಕೇಳಿದರೆ ಮುಖಮುಖ ನೋಡಿಕೊಂಡರು.

ಸ್ಪ್ರೆಡ್‌ಶೀಟಿನಲ್ಲಿ ಕಲಿಸಿದ್ದು ಗ್ಯಾಂಟ್ ಪಟ್ಟಿ. ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಬಳಕೆಗೆ ತಂದದ್ದು: ಎಡಕ್ಕೆ ಕೆಲಸ, ಮೇಲೆ ದಿನಾಂಕ, ನಡುವೆ ಗೆರೆ. ದೊಡ್ಡ ಪರದೆಯಲ್ಲಿ ಸೊಗಸಾಗಿಯೇ ಇರುತ್ತದೆ. ಹುಡುಗರ ಕೈಯಲ್ಲಿರುವುದು ಮೊಬೈಲ್. ಕೆಲಸದ ಹೆಸರು ಕಂಡರೆ ದಿನಾಂಕ ಕಾಣದು.

ಅದನ್ನಾದರೂ ಸಹಿಸಬಹುದು. ತಲೆನೋವು ತಂದದ್ದು ಕೆಲಸಗಳ ನಡುವಿನ ನಂಟು. ಕಸ ಎಲ್ಲಿ ಸುರಿಯಬೇಕೆಂಬ ಒಪ್ಪಿಗೆ ಪತ್ರ ಕೈಸೇರದೆ ಟೆಂಪೋ ಗೊತ್ತು ಮಾಡುವಂತಿಲ್ಲ. ಪತ್ರ ನಾಲ್ಕು ದಿನ ತಡವಾಯಿತೆಂದುಕೊಳ್ಳಿ, ಏನು ಮಾಡುತ್ತೀರಿ ಎಂದೆ. ಒಬ್ಬಳು ಪತ್ರದ ಗೆರೆಯನ್ನು ಬಲಕ್ಕೆ ಸರಿಸಿದಳು. ಟೆಂಪೋದ ಗೆರೆ ಇದ್ದಲ್ಲೇ ಇತ್ತು. ಹಾಳೆಯ ಪ್ರಕಾರ ಎಲ್ಲವೂ ಸುಸೂತ್ರ!

ಸೂತ್ರ ಹಾಕಿ ಎರಡನ್ನೂ ಜೋಡಿಸಬಹುದು, ನಿಜ. ಆದರೆ ಸೂತ್ರ ಕಲಿಸುವುದರಲ್ಲೇ ಮಧ್ಯಾಹ್ನ ಕಳೆದು ಯೋಜನೆಯ ಮಾತು ಮೂಲೆಗೆ ಬಿತ್ತು. ಜೋಡಿಸಿದ ಮೇಲೂ ಯಾರೋ ಆ ಖಾನೆಯ ಮೇಲೇ ದಿನಾಂಕ ಬರೆದು ಸೂತ್ರ ಅಳಿಸಿದರು. ಯಾರೆಂದರೆ ಯಾರೂ ಅಲ್ಲ.

ಹಗ್ಗದ ಪಾಠಕ್ಕೆ ಬೇಕಾದದ್ದು ಬಟ್ಟೆ ಕ್ಲಿಪ್ಪು, ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿದ ಚೀಟಿ. ಕಿಟಕಿಯಿಂದ ಕಿಟಕಿಗೆ ಹಗ್ಗ ಬಿಗಿದು, ಬಲತುದಿಯಲ್ಲಿ ಶನಿವಾರದ ಚೀಟಿಯನ್ನು ಗಂಟು ಹಾಕಿ ಕದಲದಂತೆ ಕಟ್ಟುತ್ತೇನೆ. ಅಲ್ಲಿಂದ ಹಿಂದುಹಿಂದಕ್ಕೆ ಒಂದೇ ಪ್ರಶ್ನೆ: ಇದಕ್ಕೆ ಮೊದಲು ಏನು ಮುಗಿದಿರಬೇಕು? ದಿನವೊಂದಕ್ಕೆ ಒಂದು ಬೆರಳಗಲ. ನಂಟಿಲ್ಲದ ಕೆಲಸಕ್ಕೆ ಕೆಳಗೆ ಇನ್ನೊಂದು ಹಗ್ಗ. ಈಗ ಪತ್ರವನ್ನು ನಾಲ್ಕು ಬೆರಳು ಸರಿಸಿದರೆ ಅದು ಟೆಂಪೋವನ್ನು ನೂಕುತ್ತದೆ, ಟೆಂಪೋ ಶನಿವಾರಕ್ಕೆ ಹೋಗಿ ಗುದ್ದುತ್ತದೆ. ಡುಪಾಂಟ್ ಕಂಪನಿಯವರು 1950ರ ದಶಕದ ಕೊನೆಯಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ‘ನಿರ್ಣಾಯಕ ಹಾದಿ’, ಅಂದರೆ ಯಾವುದೊಂದು ತಡವಾದರೂ ಕೊನೆಯ ದಿನವನ್ನೇ ತಡಮಾಡುವ ಕೆಲಸಗಳ ಸರಣಿ, ಹೀಗೆ ಎರಡು ಕ್ಲಿಪ್ಪಿನಲ್ಲಿ ಅರ್ಥವಾಗುತ್ತದೆ.

ಗೋಡೆಯೆದುರು ನಿಂತರೆ ಎಲ್ಲರೂ ಬಾಯಿ ಬಿಡುತ್ತಾರೆ ಎಂಬುದು ಇನ್ನೊಂದು ಲಾಭ. ‘ಬೆಳಿಗ್ಗೆ ಏಳಕ್ಕೆ ಆರಂಭ’ ಎಂಬ ಚೀಟಿ ನೋಡಿ ಮೀನುಗಾರರ ಮನೆಯ ಹುಡುಗನೊಬ್ಬ, “ಆ ಹೊತ್ತಿಗೆ ಇಳಿತ ಇರುತ್ತದೆಯೇ, ಸರ್?” ಎಂದ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಿಂದಿನ ವರ್ಷದ ಸಮಯ ನಂಬುವಂತಿಲ್ಲ. ಕೂಡಲೇ ಹೊಸ ಚೀಟಿ ಬಂತು.

ಹಗ್ಗವನ್ನು ಮನೆಗೆ ಒಯ್ಯಲಾಗದು, ಫೋಟೊ ತೆಗೆದುಕೊಳ್ಳಬೇಕು. ಫ್ಯಾನ್ ಆರಿಸಬೇಕು.

ಶಿರಸಿಯ ಗೆಳೆಯರೊಬ್ಬರಿಗೆ ಸ್ಪ್ರೆಡ್‌ಶೀಟೇ ಇಷ್ಟ. ಅವರ ತಂಡದ ಎಲ್ಲರ ಬಳಿಯೂ ಲ್ಯಾಪ್‌ಟಾಪ್ ಇದೆ, ಮುಖಾಮುಖಿ ಸೇರುವುದು ಅಪರೂಪ. ನಮ್ಮವರು ವಾರಕ್ಕೊಮ್ಮೆ ಎದುರುಬದುರು ಕೂರುತ್ತಾರೆ, ಖರ್ಚಿಗಿರುವುದು ನೂರಿನ್ನೂರು ರೂಪಾಯಿ. ಪುಸ್ತಿಕೆಯ ಖಾಲಿ ಪ್ರತಿಗಳು ಉಳಿದಿವೆ. ಅನುದಾನಕ್ಕೆ ಅರ್ಜಿ ಬರೆಯುವವರಿದ್ದರೆ ಒಯ್ಯಬಹುದು.