ಗಾಜಿಯಾಂಟೆಪ್ ಅಥವಾ ಅಂತಾಕ್ಯಾ: ಊಟಕ್ಕೆ ಯಾವ ಊರು?

ತಿನ್ನೋಕಂತಲೇ ಟರ್ಕಿಗೆ ಹೊರಟವರಿಗೆ ಸಿರಿಯಾ ಗಡಿಯ ಹತ್ತಿರ ಎರಡು ಊರುಗಳಿವೆ. ಎರಡೂ ಕಡೆ ಯುನೆಸ್ಕೋದ ಆಹಾರ ನಗರಿ ಪಟ್ಟ: ಗಾಜಿಯಾಂಟೆಪ್‌ಗೆ 2015ರಲ್ಲಿ, ಅಂತಾಕ್ಯಾ ಇರುವ ಹತಾಯ್‌ಗೆ 2017ರಲ್ಲಿ.

ಸಿಹಿ ಮತ್ತು ಮಾಂಸ ಇಷ್ಟವಾದರೆ ಗಾಜಿಯಾಂಟೆಪ್. ಅಲ್ಲಿನ ಬಕ್ಲಾವಾಕ್ಕೆ ಹಿಟ್ಟನ್ನು ಆಚೆ ಬದಿ ಕಾಣುವಷ್ಟು ತೆಳ್ಳಗೆ ಲಟ್ಟಿಸುತ್ತಾರೆ. ಪದರಗಳ ನಡುವೆ ಹಸಿರು ಪಿಸ್ತಾ, ಮೇಲೆ ತುಪ್ಪ, ಸಕ್ಕರೆ ಪಾಕ. 2013ರಲ್ಲಿ ಐರೋಪ್ಯ ಒಕ್ಕೂಟ ಇದರ ಹೆಸರಿಗೇ ರಕ್ಷಣೆ ಕೊಟ್ಟಿತು. ಟರ್ಕಿಯ ಬೇರೆ ಯಾವ ತಿನಿಸಿಗೂ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ಬೆಳಗಿನ ತಿಂಡಿಯೂ ಜೋರು: ಪಿಸ್ತಾ, ಕೆನೆ ತುಂಬಿ ಮಡಚಿದ ಕಟ್ಮೆರ್. ಇಲ್ಲವೇ ಕುರಿ ಮಾಂಸ, ಅಕ್ಕಿ, ಬೆಳ್ಳುಳ್ಳಿಯ ಖಾರದ ಸೂಪು ಬೆಯ್ರಾನ್. ಬೆಳಬೆಳಗ್ಗೆಯೇ!

ಸಸ್ಯಾಹಾರಿಗಳಿಗೆ ನನ್ನ ಮತ ಅಂತಾಕ್ಯಾಕ್ಕೆ. ಕಡಲೆಕಾಳಿನ ಹಮ್ಮಸ್, ಅಕ್ರೋಟು ಮತ್ತು ಕೆಂಪು ಮೆಣಸಿನ ಮುಹಮ್ಮರಾ, ದಾಳಿಂಬೆ ಹುಳಿ ಹಾಕಿದ ಸಲಾಡು ಜಾಸ್ತಿ. ಕೊನೆಗೆ ಕ್ಯುನೆಫೆ: ಶಾವಿಗೆಯಂಥ ಎಳೆಗಳ ನಡುವೆ ಉಪ್ಪಿಲ್ಲದ ಚೀಸ್, ಮೇಲೆ ಪಾಕ. ಬಿಸಿಯಿದ್ದಾಗಲೇ ತಿನ್ನಬೇಕು, ಆರಿದರೆ ರಬ್ಬರು.

ಒಂದು ಮಾತು. 2023ರ ಫೆಬ್ರವರಿಯ ಭೂಕಂಪದಲ್ಲಿ ಅಂತಾಕ್ಯಾದ ಹಳೇ ಊರು ಬಹುಪಾಲು ಕುಸಿಯಿತು. ಹೊರಡುವ ಮುಂಚೆ ಯಾವ ಹೋಟೆಲು ತೆರೆದಿದೆ ಎಂದು ವಿಚಾರಿಸಿಕೊಳ್ಳಿ.