ಶಾಲೆಯ ಪ್ರಾಜೆಕ್ಟ್‌ಗೆ ಶೆಪರ್ಡ್ ಹಾರಾಟವೋ, ಗ್ರಿಸಮ್ ಹಾರಾಟವೋ?

1961ರ ಈ ಎರಡು ಅಮೆರಿಕನ್ ಬಾಹ್ಯಾಕಾಶ ಹಾರಾಟಗಳು ಅಣ್ಣತಮ್ಮಂದಿರಂತೆ. ಮೇ 5ಕ್ಕೆ ಫ್ರೀಡಂ 7 ಎಂಬ ಕ್ಯಾಪ್ಸೂಲ್‌ನಲ್ಲಿ (ಗಗನಯಾತ್ರಿ ಕೂರುವ ಪುಟ್ಟ ನೌಕೆ) ಅಲನ್ ಶೆಪರ್ಡ್, ಜುಲೈ 21ಕ್ಕೆ ಲಿಬರ್ಟಿ ಬೆಲ್ 7ರಲ್ಲಿ ಗಸ್ ಗ್ರಿಸಮ್. ಎರಡಕ್ಕೂ ರೆಡ್‌ಸ್ಟೋನ್ ರಾಕೆಟ್, ಸುಮಾರು 15 ನಿಮಿಷ, ಹತ್ತಿರಹತ್ತಿರ 190 ಕಿ.ಮೀ. ಎತ್ತರ.

ಹಂತಗಳನ್ನು ವಿವರಿಸಬೇಕಾದರೆ ಶೆಪರ್ಡ್ ಹಾರಾಟವನ್ನೇ ಆರಿಸಿ. ರಾಕೆಟ್ ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಉರಿಯಿತು. ಕ್ಯಾಪ್ಸೂಲ್ ಬೇರೆಯಾಗಿ ಹಿಂದುಮುಂದಾಗಿ ತಿರುಗಿತು. ಮುಂದಿನ ಸುಮಾರು ಐದು ನಿಮಿಷ ತೂಕವೇ ಇಲ್ಲ! ಆಗ ಶೆಪರ್ಡ್ ಸುಮ್ನೆ ಕೂರಲಿಲ್ಲ, ತಾವೇ ಕ್ಯಾಪ್ಸೂಲನ್ನು ಅತ್ತಿತ್ತ ತಿರುಗಿಸಿ ನೋಡಿದರು. ನನಗೆ ಬಹಳ ಇಷ್ಟವಾದ ಘಟ್ಟ ಇದು. ಇಳಿಯುವಾಗ ಮೈಮೇಲೆ 11 ಪಟ್ಟು ಭಾರ. ಆಮೇಲೆ ಪ್ಯಾರಾಚೂಟ್, ಸಮುದ್ರ, ಹೆಲಿಕಾಪ್ಟರ್.

ಗ್ರಿಸಮ್‌ಗೆ ದೊಡ್ಡ ಕಿಟಕಿ ಸಿಕ್ಕಿತ್ತು. ಆದರೆ ನೀರಿಗೆ ಬಿದ್ದ ಮೇಲೆ ಬಾಗಿಲು ಸಿಡಿದು ಕ್ಯಾಪ್ಸೂಲ್ ಮುಳುಗಿತು. ಅವರು ಈಜಿ ಬದುಕಿದರು, ಅದನ್ನು ಮೇಲೆತ್ತಿದ್ದು 1999ರಲ್ಲಿ. ಕಥೆಯಾಗಿ ಹೇಳುವುದಾದರೆ ಇದೇ ಮನಸ್ಸು ಹಿಡಿಯುತ್ತದೆ, ಅಲ್ವಾ?