ಮಸ್ಟಾಂಗ್, ಕಾರ್ವೆಟ್, ಚಾಲೆಂಜರ್: ಮಿಶಿಗನ್‌ನಲ್ಲಿ ಮೂರು ವಿ8ಗಳ ಜೊತೆ

ಇಲ್ಲಿ ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಣ್ಣ, ಈ ಗಾಡಿಗಳು ಕೆಡಲ್ವಾ?"

ಕೇಳುವುದರಲ್ಲಿ ತಪ್ಪಿಲ್ಲ. ಅಮೆರಿಕದ ಸ್ಪೋರ್ಟ್ಸ್ ಕಾರು ಅಂದರೆ ಸದ್ದು ಜಾಸ್ತಿ, ಬಾಳಿಕೆ ಕಡಿಮೆ ಅನ್ನುವ ಮಾತು ಎಲ್ಲ ಕಡೆ ಇದೆ. ನಾನು ನಾಲ್ಕು ವರ್ಷ 2016ರ ಫೋರ್ಡ್ ಮಸ್ಟಾಂಗ್ ಜಿಟಿ ಓಡಿಸಿದೆ, ಚಳಿಗಾಲವನ್ನೂ ಸೇರಿಸಿ, 48,000 ಮೈಲಿ. ಅದನ್ನು ಮಾರಿ 2015ರ ಷೆವ್ರೊಲೆ ಕಾರ್ವೆಟ್ ಸ್ಟಿಂಗ್‌ರೇ ಕೊಂಡೆ, ಜೋರಾಗಿ ಓಡಿಸುವವರಿಗೆ ಅಂತ ಬರುವ ಝಡ್51 ಪ್ಯಾಕೇಜಿನದು. ಐದು ವರ್ಷವಾಯಿತು, 22,000 ಮೈಲಿ ಓಡಿಸಿದ್ದೇನೆ. ಎರಡೂ ಮ್ಯಾನ್ಯುಯಲ್ ಗೇರಿನವು. ಇವೆರಡರ ಜೊತೆಗೆ ಗೆಳೆಯನ ಡಾಡ್ಜ್ ಚಾಲೆಂಜರ್ ಸ್ಕ್ಯಾಟ್ ಪ್ಯಾಕ್ ಒಂದು ಆಗಸ್ಟಿನಲ್ಲಿ ಮೂರು ವಾರ ನನ್ನ ಬಳಿ ಇತ್ತು. ಅವನು ಊರಿಗೆ ಹೋಗಿದ್ದ, ಬೀಗದ ಕೈ ನನಗೆ ಕೊಟ್ಟಿದ್ದ.

ಹುಡುಗರಿಗೆ ನಾನು ಕೊಡುವ ಉತ್ತರ ಇದು. ಎಂಜಿನ್ ನಿಮ್ಮ ದುಡ್ಡು ತಿನ್ನುವುದಿಲ್ಲ. ಟೈರು, ಚಳಿ, ಗುಂಡಿ, ವಿಮೆ, ಗಾಡಿ ಗೊತ್ತಿಲ್ಲದವರ ಕೈ, ಇವು ತಿನ್ನುತ್ತವೆ.

ಮೊದಲು ಎಂಜಿನ್ ವಿಷಯ. ಮೂರೂ ವಿ8, ಅಂದರೆ ಎಂಟು ಸಿಲಿಂಡರ್ ವಿ ಆಕಾರದಲ್ಲಿ ಕೂತ ಎಂಜಿನ್. ಮಸ್ಟಾಂಗ್‌ನ 5.0 ಲೀಟರ್ ಕೊಯೋಟೆ ಎಂಜಿನ್ ಆ ವರ್ಷ 435 ಅಶ್ವಶಕ್ತಿ ಕೊಡುತ್ತಿತ್ತು. ವಾಲ್ವ್ ಅಂದರೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲು, ಕ್ಯಾಮ್ ಅಂದರೆ ಅವನ್ನು ತೆರೆಯುವ ದಂಡ. ಇದರಲ್ಲಿ ನಾಲ್ಕು ಕ್ಯಾಮ್, 32 ವಾಲ್ವ್. ನಿಮಿಷಕ್ಕೆ ಏಳು ಸಾವಿರ ಸುತ್ತಿನ ತನಕ ಖುಷಿಯಿಂದ ಏರುತ್ತದೆ. ಕಾರ್ವೆಟ್‌ನ ಎಲ್‌ಟಿ1 ಎಂಜಿನ್ 6.2 ಲೀಟರ್, 455 ಅಶ್ವಶಕ್ತಿ. ಆದರೆ ಅದರಲ್ಲಿ ಒಂದೇ ಕ್ಯಾಮ್, 16 ವಾಲ್ವ್. ಕ್ಯಾಮ್ ಎಂಜಿನ್ನಿನ ಮಧ್ಯದಲ್ಲಿ ಕೂತು ಉದ್ದನೆಯ ಕಡ್ಡಿಗಳಿಂದ ವಾಲ್ವ್‌ಗಳನ್ನು ತಳ್ಳುತ್ತದೆ. ಪುಶ್‌ರಾಡ್ ಅಂತಾರೆ. ಹಳೇ ಕಾಲದ್ದು ಅಂತ ಇದನ್ನು ಹೀಗಳೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಗಿಡ್ಡ, ಎಂಜಿನ್ ತಗ್ಗು, ಭಾಗಗಳು ಕಡಿಮೆ. ಅರಸೀಕೆರೆಯಲ್ಲಿ ಅಪ್ಪ ಮೈಸೂರಲ್ಲೇ ತಯಾರಾದ ಯೆಜ್ಡಿ ಓಡಿಸುತ್ತಿದ್ದರು. ಇರುವ ಭಾಗ ಕಡಿಮೆಯಾದಷ್ಟೂ ಕೆಡುವುದು ಕಡಿಮೆ ಅನ್ನುವುದನ್ನು ನಾನು ಕಲಿತದ್ದು ಆ ಬೈಕಿನ ಪಕ್ಕ ಕೂತು.

ನನ್ನ ಎರಡೂ ಗಾಡಿಗಳ ಎಂಜಿನ್ ಒಂದು ದಿನವೂ ನನ್ನನ್ನು ರಸ್ತೆ ಮೇಲೆ ನಿಲ್ಲಿಸಿಲ್ಲ. ಮಸ್ಟಾಂಗ್‌ಗೆ ನಾಲ್ಕು ವರ್ಷದಲ್ಲಿ ಒಂದು ಬ್ಯಾಟರಿ, ಮುಂದಿನ ಬ್ರೇಕ್ ಪ್ಯಾಡ್, ಗೇರ್‌ಬಾಕ್ಸ್ ಆಯಿಲ್ ಹಾಕಿಸಿದೆ. ಉಳಿದದ್ದು ಎಂಜಿನ್ ಆಯಿಲ್, ಫಿಲ್ಟರ್ ಅಷ್ಟೇ.

ಮಸ್ಟಾಂಗ್‌ನ ದೊಡ್ಡ ಗುಣ ಅಂದರೆ ಹೊಂದಿಕೊಂಡು ಹೋಗುವುದು. 87 ಆಕ್ಟೇನ್ ಸಾಮಾನ್ಯ ಪೆಟ್ರೋಲಿನಲ್ಲೂ ಓಡುತ್ತದೆ. ನನ್ನದು 18 ಇಂಚಿನ ಚಕ್ರ, ನಾಲ್ಕೂ ಟೈರ್ ಒಂದೇ ಅಳತೆ. ಹಿಂದಿನವು ಸವೆಯುತ್ತಾ ಬಂದರೆ ಮುಂದಕ್ಕೆ ಹಾಕಬಹುದು. ಒಂದು ಸೆಟ್ಟಿಗೆ ನಾನು ಕೊಟ್ಟದ್ದು 700 ಡಾಲರ್. ನವೆಂಬರ್ ಬಂದ ಕೂಡಲೇ ಚಳಿಗಾಲದ ಟೈರ್ ಹಾಕಿ, ಹಿಂದಿನ ಚಕ್ರಕ್ಕೆ ಭಾರ ಬೀಳಲಿ ಅಂತ ಡಿಕ್ಕಿಯಲ್ಲಿ ಎರಡು ಮೂಟೆ ಉಪ್ಪು ಇಟ್ಟುಕೊಂಡು ಆಫೀಸಿಗೆ ಹೋಗುತ್ತಿದ್ದೆ. ಹಿಮದಲ್ಲಿ ನಿಧಾನಕ್ಕೆ ಹೋದರೆ ಸಾಕು, ಏನೂ ತೊಂದರೆಯಿಲ್ಲ. ಮಗಳ ಕಾರ್ ಸೀಟೂ ಹಿಂದೆ ಹಿಡಿಸುತ್ತಿತ್ತು, ಸ್ವಲ್ಪ ಸೊಂಟ ಬಗ್ಗಿಸಬೇಕಿತ್ತು, ಅಷ್ಟೇ.

ಒಂದು ಸಲ ಮಾತ್ರ ಎದೆ ಝಲ್ ಅಂದಿತು. ಕೆಲಸದ ಒತ್ತಡದಲ್ಲಿ ಆಯಿಲ್ ನಾನೇ ಬದಲಾಯಿಸದೆ ಹತ್ತಿರದ ಒಂದು ಅಂಗಡಿಗೆ ಬಿಟ್ಟಿದ್ದೆ. ಈ ಎಂಜಿನ್ ಎಂಟು ಕ್ವಾರ್ಟ್ ಹಿಡಿಯುತ್ತದೆ, ಒಂದು ಕ್ವಾರ್ಟ್ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್. ಅವರು ಆರು ಹಾಕಿ ಕಳಿಸಿದ್ದರು. ಮನೆಗೆ ಬಂದು ಅಭ್ಯಾಸದಂತೆ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ, ತುದಿಯೂ ಒದ್ದೆಯಾಗಿರಲಿಲ್ಲ. ಅವತ್ತು ನೋಡದೇ ಹೆದ್ದಾರಿಗೆ ಹೋಗಿದ್ದರೆ? ಅಂದಿನಿಂದ ಆಯಿಲ್ ಕೆಲಸ ನನ್ನ ಕೈಯಿಂದಲೇ. ನೀವೂ ಯಾವ ಅಂಗಡಿಯಿಂದ ಬಂದರೂ ಕಡ್ಡಿ ಎಳೆದು ನೋಡಿ, ದಯವಿಟ್ಟು.

ಕಾರ್ವೆಟ್ ಕೊಂಡ ಮೇಲೆ ಈ ಎಚ್ಚರ ಇನ್ನೂ ಹೆಚ್ಚು ಬೇಕಾಯಿತು. ಝಡ್51ನಲ್ಲಿ ಡ್ರೈ ಸಂಪ್ ವ್ಯವಸ್ಥೆ ಇದೆ. ಅಂದರೆ ಆಯಿಲ್ ಎಂಜಿನ್ನಿನ ತಳದಲ್ಲಿ ನಿಲ್ಲುವುದಿಲ್ಲ, ಬೇರೆ ಟ್ಯಾಂಕಿನಲ್ಲಿ ಇರುತ್ತದೆ. ಜೋರಾಗಿ ತಿರುವು ತೆಗೆದುಕೊಂಡಾಗಲೂ ಪಂಪಿಗೆ ಆಯಿಲ್ ತಪ್ಪಬಾರದು ಅನ್ನುವುದಕ್ಕೆ ಹೀಗೆ. ಸುಮಾರು ಹತ್ತು ಕ್ವಾರ್ಟ್ ಬೇಕು. ಅಳತೆ ನೋಡುವುದೂ ಬೇರೆ ರೀತಿ. ಎಂಜಿನ್ ಚೆನ್ನಾಗಿ ಬಿಸಿಯಾಗಿ, ಆಫ್ ಮಾಡಿ, ಕೆಲವೇ ನಿಮಿಷದಲ್ಲಿ ನೋಡಬೇಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ನೋಡಿದರೆ ಕಡಿಮೆ ಇದೆ ಅನ್ನಿಸುತ್ತದೆ. ಅದನ್ನು ನಂಬಿ ಮೇಲೆ ಸುರಿದರೆ ಹೆಚ್ಚಾದ ಆಯಿಲ್ ಗಾಳಿ ಎಳೆಯುವ ದಾರಿಗೆ ನುಗ್ಗುತ್ತದೆ.

ಜಾಕ್ ಹಾಕುವುದೂ ಹಾಗೇ. ಕಾರ್ವೆಟ್‌ನ ಮೈ ತಗಡಲ್ಲ, ಫೈಬರ್ ಜಾತಿಯದು. ಮಿಶಿಗನ್‌ನಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿಗೆ ಅದು ತುಕ್ಕು ಹಿಡಿಯುವುದಿಲ್ಲ, ಅದರ ಫ್ರೇಮ್ ಅಲ್ಯೂಮಿನಿಯಮ್, ಒಳ್ಳೆಯದೇ. ಆದರೆ ಗಾಡಿ ಎತ್ತಲು ಫ್ರೇಮಿನಲ್ಲಿ ನಾಲ್ಕು ಜಾಗ ಮಾತ್ರ ಇದೆ. ಅಲ್ಲಿ ರಬ್ಬರ್ ಬಿಲ್ಲೆ ಸಿಕ್ಕಿಸಿ ಅದರ ಮೇಲೆ ಜಾಕ್ ಕೂರಿಸಬೇಕು. ಒಬ್ಬ ಟೈರಿನವನು ಬಿಲ್ಲೆ ಬೇಡ ಅಂತ ಹಾಗೇ ಎತ್ತಿದ. ಬಾಗಿಲ ಕೆಳಗಿನ ಪಟ್ಟಿ ಚಟ್ ಅಂದಿತು. 600 ಡಾಲರ್ ನನ್ನ ಕೈಯಿಂದ. ಈಗ ಆ ನಾಲ್ಕು ಬಿಲ್ಲೆ ಸದಾ ಗಾಡಿಯಲ್ಲೇ ಇರುತ್ತವೆ. ನಾನೇ ಸಿಕ್ಕಿಸಿ, ಎತ್ತುವ ತನಕ ಪಕ್ಕದಲ್ಲಿ ನಿಲ್ಲುತ್ತೇನೆ.

ಟೈರಿನ ಲೆಕ್ಕ ಕೇಳಿ. ಮುಂದೆ 19 ಇಂಚು, ಹಿಂದೆ 20 ಇಂಚು. ಅಳತೆ ಬೇರೆ ಬೇರೆಯಾದ್ದರಿಂದ ಹಿಂದುಮುಂದು ಮಾಡಲಾಗದು. ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಜಾತಿ. ಸ್ಟೆಪ್ನಿ ಇಲ್ಲವೇ ಇಲ್ಲ. ನಾಲ್ಕಕ್ಕೆ ನಾನು ಕೊಟ್ಟದ್ದು 1,700 ಡಾಲರ್, ಹಿಂದಿನ ಜೋಡಿ ಹದಿನೈದು ಸಾವಿರ ಮೈಲಿಗೇ ಮುಗಿದಿತ್ತು. ಬೇಸಿಗೆ ಟೈರಿನ ರಬ್ಬರು ಚಳಿಗೆ ಗಟ್ಟಿಯಾಗುತ್ತದೆ. ಕೊರೆಯುವ ಚಳಿಯಲ್ಲಿ ಗಾಡಿ ಅಲುಗಾಡಿಸಿದರೆ ಬಿರುಕು ಬಿಡುವುದೂ ಉಂಟು. ಹಾಗಾಗಿ ನವೆಂಬರ್‌ನಿಂದ ಏಪ್ರಿಲ್ ತನಕ ಕಾರ್ವೆಟ್ ನಿದ್ದೆ.

ಆ ನಿದ್ದೆಗೂ ಒಂದು ಕ್ರಮ ಇದೆ. ಮೊದಲ ಚಳಿಗಾಲ ನಾನು ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಲಿಲ್ಲ. ಏಪ್ರಿಲ್‌ನಲ್ಲಿ ನೋಡಿದರೆ ಬಾಗಿಲೇ ತೆಗೆಯುತ್ತಿಲ್ಲ. ಬಾಗಿಲ ಚಿಲಕ ವಿದ್ಯುತ್ತಿನದು, ಬ್ಯಾಟರಿ ಇರುವುದು ಹಿಂದೆ ಡಿಕ್ಕಿಯ ನೆಲದಡಿ. ರಿಮೋಟಿನೊಳಗೆ ಒಂದು ಸಣ್ಣ ಬೀಗದ ಕೈ ಇರುತ್ತದೆ. ಅದರಿಂದ ಹಿಂಬಾಗಿಲು ತೆಗೆಯಲು ದಾರಿ ಇದೆ. ಗೊತ್ತಿಲ್ಲದಿದ್ದರೆ ಗಾಜು ಒಡೆಯುವ ಯೋಚನೆ ಬಂದುಬಿಡುತ್ತದೆ. 50 ಡಾಲರಿನ ಒಂದು ಚಾರ್ಜರ್ ಈ ತಲೆನೋವನ್ನೇ ತಪ್ಪಿಸುತ್ತದೆ.

ಇಷ್ಟೆಲ್ಲ ಹೇಳಿದೆ, ಆದರೂ ಅದನ್ನು ಯಾಕೆ ಇಟ್ಟುಕೊಂಡಿದ್ದೇನೆ? ಹೋದ ವರ್ಷ ಕೆಂಟಕಿಯ ಬೌಲಿಂಗ್ ಗ್ರೀನ್‌ಗೆ ಹೋಗಿದ್ದೆವು, ನಾನು ಮತ್ತು ಹೆಂಡತಿ. ಇಲ್ಲಿಂದ ಸುಮಾರು 475 ಮೈಲಿ. 1981ರಿಂದ ಕಾರ್ವೆಟ್ ತಯಾರಾಗುವುದು ಅಲ್ಲೇ. ಕಾರ್ಖಾನೆಯ ಹತ್ತಿರವೇ ಮ್ಯೂಸಿಯಂ. 2014ರ ಫೆಬ್ರವರಿ 12ರಂದು ಅದರ ನೆಲ ಕುಸಿದು ಎಂಟು ಕಾರ್ವೆಟ್‌ಗಳು ಗುಂಡಿಗೆ ಬಿದ್ದದ್ದು ನಿಮಗೆ ನೆನಪಿರಬಹುದು. ಆ ಪ್ರಯಾಣದಲ್ಲಿ ಏಳನೇ ಗೇರಿನಲ್ಲಿ 70 ಮೈಲಿ ವೇಗಕ್ಕೆ ಎಂಜಿನ್ 1,500 ಸುತ್ತಿಗಿಂತ ಕಡಿಮೆ ತಿರುಗುತ್ತಿತ್ತು. ಗ್ಯಾಲನ್‌ಗೆ 28 ಮೈಲಿ ಬಂತು. ಮಸ್ಟಾಂಗ್ ಇದೇ ಥರದ ರಸ್ತೆಯಲ್ಲಿ 24 ದಾಟುತ್ತಿರಲಿಲ್ಲ. ಊರು ಬಿಟ್ಟು ಸಣ್ಣ ರಸ್ತೆಗೆ ಇಳಿದು, ಮೂರನೇ ಗೇರಿಗೆ ಹಾಕಿ, ಆಕ್ಸಿಲರೇಟರ್ ಒತ್ತಿದಾಗ ಬೆನ್ನಿಗೆ ಸಿಗುವ ಆ ತಳ್ಳು! ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ನಡುವೆ ಇರುವುದರಿಂದ ತೂಕ ಸಮನಾಗಿ ಹಂಚಿಕೆಯಾಗಿದೆ. ತಿರುವಿನಲ್ಲಿ ಗಾಡಿ ನಿಮ್ಮ ಮಾತು ಕೇಳುತ್ತದೆ. ಮಸ್ಟಾಂಗ್ ಕೂಡ ಕೇಳುತ್ತದೆ, ಒಂದು ಕ್ಷಣ ತಡವಾಗಿ.

ಚಾಲೆಂಜರ್ ಬಗ್ಗೆ ಜಾಸ್ತಿ ಹೇಳಲಾರೆ, ಮೂರೇ ವಾರ ಅಲ್ವಾ. 6.4 ಲೀಟರ್, 485 ಅಶ್ವಶಕ್ತಿ, ಸುಮಾರು 1,900 ಕಿಲೋ ತೂಕ. ಹಿಂದಿನ ಸೀಟಿನಲ್ಲಿ ದೊಡ್ಡವರು ಆರಾಮಾಗಿ ಕೂರಬಹುದು. ಡಿಕ್ಕಿಯಲ್ಲಿ ಭಾರತಕ್ಕೆ ಒಯ್ಯುವ ಎರಡು ದೊಡ್ಡ ಸೂಟ್‌ಕೇಸ್ ಹಿಡಿಸುತ್ತವೆ. ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳು ಸಾಲಾಗಿ ಸಾಗುವ ಆಗಸ್ಟಿನ ಡ್ರೀಮ್ ಕ್ರೂಸ್ ದಿನ ಅದರಲ್ಲಿ ಹೋಗಿದ್ದೆ. ನಿಧಾನಕ್ಕೆ ಸಾಗುತ್ತಾ, ಕಿಟಕಿ ಇಳಿಸಿಕೊಂಡು, ಅಷ್ಟು ಹಿತವಾದ ಗಾಡಿ ಇನ್ನೊಂದಿಲ್ಲ. ನನಗೆ ಸಿಕ್ಕದ್ದು ಗ್ಯಾಲನ್‌ಗೆ 16 ಮೈಲಿ. ಕೊಳ್ಳುವವರು ಎರಡು ವಿಷಯ ತಿಳಿದಿರಲಿ. ಇದರ ಹೆಮಿ ಅನ್ನುವ ಎಂಜಿನ್ನಿನಲ್ಲಿ ಸಿಲಿಂಡರಿಗೆ ಎರಡರಂತೆ 16 ಸ್ಪಾರ್ಕ್ ಪ್ಲಗ್, ಬದಲಾಯಿಸುವಾಗ ಅಷ್ಟೂ ಬೇಕು. ಇನ್ನೊಂದು, ಕಳ್ಳರ ಕಣ್ಣು. ವಿಮೆಯ ಅಂಕಿಅಂಶ ಕಲೆಹಾಕುವ ಎಚ್‌ಎಲ್‌ಡಿಐ 2023ರಲ್ಲಿ ಕೊಟ್ಟ ಕಳವಿನ ಪಟ್ಟಿಯಲ್ಲಿ ಮೊದಲು ನಿಂತದ್ದು ಇದೇ ಮನೆತನದ ಚಾರ್ಜರ್ ಹೆಲ್‌ಕ್ಯಾಟ್. ಗೆಳೆಯ ರಾತ್ರಿ ಸ್ಟಿಯರಿಂಗಿಗೆ ಕಬ್ಬಿಣದ ಬೀಗ ಹಾಕದೆ ಮಲಗುವುದಿಲ್ಲ.

ಇನ್ನೂ ಮೇಲಿನ ಮಾದರಿಗಳಿಗೆ ನನ್ನ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಎಂಜಿನ್ ಬಗ್ಗೆಯೇ ಓದಿಕೊಂಡು ಹೋಗಬೇಕು. 2006ರಿಂದ 2013ರ ತನಕ ಬಂದ ಕಾರ್ವೆಟ್ ಝಡ್06ನ 7 ಲೀಟರ್ ಎಲ್‌ಎಸ್7 ಎಂಜಿನ್ನಿನಲ್ಲಿ ವಾಲ್ವ್ ಗೈಡ್, ಅಂದರೆ ವಾಲ್ವ್ ಜಾರುವ ಕೊಳವೆ, ಬೇಗ ಸವೆಯುವ ವಿಷಯ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. 650 ಅಶ್ವಶಕ್ತಿಯ 2015ರ ಝಡ್06 ರೇಸ್ ಟ್ರ್ಯಾಕಿನಲ್ಲಿ ಬೇಗ ಬಿಸಿಯಾಗುತ್ತದೆ ಅಂತ ಮಾಲೀಕರು ಕೋರ್ಟಿಗೇ ಹೋದರು. ಮಸ್ಟಾಂಗ್‌ನದೇ ಮೇಲಿನ ಮಾದರಿ ಶೆಲ್ಬಿ ಜಿಟಿ350 ಹೆಚ್ಚು ಆಯಿಲ್ ಕುಡಿಯುತ್ತದೆ ಅನ್ನುವ ದೂರೂ ಹಳೆಯದೇ. ಸಾಮಾನ್ಯ ಕಾರ್ವೆಟ್‌ನಲ್ಲೂ ಎಂಟು ಗೇರಿನ ಆಟೋಮ್ಯಾಟಿಕ್ ನೋಡುತ್ತಿದ್ದರೆ ಗೇರ್‌ಬಾಕ್ಸ್ ಆಯಿಲ್ ಬದಲಾಗಿದೆಯಾ ಕೇಳಿ. ನಡುಗುವ ತೊಂದರೆಗೆ ಹೊಸ ಬಗೆಯ ಆಯಿಲ್ ಬಂದಿದೆ.

ಒಂದೇ ಗಾಡಿ ಇಡಲು ಜಾಗ ಇದೆ, ಅದರಲ್ಲೇ ಆಫೀಸು, ಅಂಗಡಿ, ಹಿಮ ಎಲ್ಲ ಆಗಬೇಕು ಅನ್ನುವವರಿಗೆ ನನ್ನ ಓಟು ಮಸ್ಟಾಂಗ್‌ಗೆ, ಯೋಚನೆಯೇ ಬೇಡ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಗ್ಯಾರೇಜಿನಲ್ಲಿ ಒಣ ಜಾಗ ಇದ್ದರೆ ಕಾರ್ವೆಟ್. ವಿಮೆಯೂ ನನಗೆ ಕಾರ್ವೆಟ್‌ಗೇ ಕಡಿಮೆ ಬೀಳುತ್ತಿದೆ. ಓಡುವುದು ಕಡಿಮೆ, ಚಳಿಗಾಲದ ಆರು ತಿಂಗಳು ನಿಂತ ಗಾಡಿಯ ದರ. ಮಿಶಿಗನ್‌ನಲ್ಲಿ ವಿಮೆ ಎಷ್ಟು ಸುಡುತ್ತದೆ ಅಂತ ಇಲ್ಲಿರುವವರಿಗೆ ಹೇಳಬೇಕಿಲ್ಲ.

ಈ ಸಲದ ಯುಗಾದಿಯಲ್ಲಿ ಕೇಳಿದ ಹುಡುಗ 2017ರ ಒಂದು ಜಿಟಿ ನೋಡಿಟ್ಟಿದ್ದಾನೆ. ಶನಿವಾರ ಬೆಳಿಗ್ಗೆ ಅವನ ಜೊತೆ ಹೋಗುತ್ತಿದ್ದೇನೆ. ಎಂಜಿನ್ ತಣ್ಣಗಿರುವಾಗಲೇ ಹೋಗೋಣ, ಮೊದಲ ಸಲ ಸ್ಟಾರ್ಟ್ ಆಗುವ ಸದ್ದು ನಾವೇ ಕೇಳಬೇಕು ಅಂತ ಹೇಳಿದ್ದೇನೆ. ಒಂದು ಟಾರ್ಚ್ ತೆಗೆದಿಟ್ಟಿದ್ದೇನೆ, ಕೆಳಗಿನ ತುಕ್ಕು ನೋಡಲು. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿ ಓದುವುದನ್ನೂ ಫೋನಿನಲ್ಲೇ ಹೇಳಿಕೊಟ್ಟೆ. 2319 ಅಂತ ಇದ್ದರೆ 2019ರ 23ನೇ ವಾರದ ಟೈರ್. ಅಷ್ಟು ಹಳೆಯದಾಗಿದ್ದರೆ 700 ಡಾಲರ್ ಬೆಲೆಯಲ್ಲಿ ಇಳಿಸಲು ಕೇಳುತ್ತೇವೆ.